ಸಾಹೇಬರ ಹೆಸರಿನ ಹರಕೆ

ಸಪ್ಪಲಮ್ಮನ ಸೊಪ್ಪಿನ ಬುಟ್ಟಿಗೆ ಇದ್ದದ್ದು ಎರಡೇ ವಾಹನ. ಒಂದು ಬೆಳಗಿನ ಶಟಲ್ ರೈಲು, ಇನ್ನೊಂದು ಅವಳ ತಲೆ. ಕೆಂಗೇರಿ ಆಚೆಯ ಹಳ್ಳಿಯಲ್ಲಿ ರೈಲು ಹತ್ತಿ, ನಾಯಂಡಹಳ್ಳಿಯಲ್ಲಿ ಇಳಿದು, ಬನಶಂಕರಿಯ ಬೀದಿಗಳಲ್ಲಿ ಸೊಪ್ಪು ಕೂಗುತ್ತಲೇ ಅವಳು ಮಕ್ಕಳನ್ನು ದಡ ಹತ್ತಿಸಿದ್ದಳು. ಎಂಬತ್ತರ ದಶಕದಲ್ಲಿ ಹಳಿ ಅಗಲ ಮಾಡುತ್ತೇವೆಂದು ಆ ರೈಲನ್ನು ನಿಲ್ಲಿಸಿದರು. ಆರು ತಿಂಗಳು ಎಂದವರು ಎರಡನೆಯ ಮಳೆಗಾಲ ಕಳೆದರೂ ತುಟಿ ಬಿಚ್ಚಲಿಲ್ಲ. ಬಸ್ಸಿನವರು ಬುಟ್ಟಿ ಕಂಡರೆ ನಿಲ್ಲಿಸದೆ ರೈಟ್ ರೈಟ್ ಎನ್ನುತ್ತಿದ್ದರು. ಅವಳು ನಡೆದೇ ಬರತೊಡಗಿದಳು. ಬಿಸಿಲೇರುವ ಹೊತ್ತಿಗೆ ಸೊಪ್ಪೂ ಬಾಡುತ್ತಿತ್ತು, ಮಂಡಿಯೂ ಸೋಲುತ್ತಿತ್ತು. ಹೀಗೇ ಆದರೆ ವ್ಯಾಪಾರ ಬಿಟ್ಟು ಮಗನ ಕೈ ನೋಡಿಕೊಂಡು ಕೂರಬೇಕು. ಅದೊಂದು ಮಾತ್ರ ಅವಳಿಗೆ ಬೇಡವಾಗಿತ್ತು.

ಸ್ಟೇಷನ್ನಿನಲ್ಲಿ ಕೇಳಿದರೆ "ಮೇಲಿನವರನ್ನ ಕೇಳಮ್ಮ" ಎಂದರು. ಮೇಲಿನವರೊಬ್ಬರು ಅವಳ ವಾಡಿಕೆಯ ಮನೆಯಲ್ಲೇ ಇದ್ದರು, ರೈಲಿನ ಎಂಜಿನಿಯರ್ ಸೇತುರಾಮ. ಅವರೂ ಪೇಪರಿನಿಂದ ತಲೆ ಎತ್ತದೆ "ಅದು ಮೇಲಿನವರ ಕೈಲಿದೆ" ಎಂದುಬಿಟ್ಟರು. ಎಲ್ಲರೂ ಮೇಲೆ ಮೇಲೆ ಎನ್ನುವಾಗ ಸಪ್ಪಲಮ್ಮ ಎಲ್ಲರಿಗಿಂತ ಮೇಲಿದ್ದವಳ ಹತ್ತಿರವೇ ಹೋದಳು. ಮಂಗಳವಾರ ರಾಹುಕಾಲದಲ್ಲಿ ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿ ಹರಕೆ ಹೊತ್ತಳು. ತನ್ನ ಹೆಸರಿನಲ್ಲಲ್ಲ! ಕೆಲಸ ಯಾರದೋ ಹರಕೆಯೂ ಅವರದೇ ಎಂಬುದು ಅವಳ ನ್ಯಾಯ.

ಮಾರನೆಯ ದಿನ ಮೆಂತ್ಯದ ಕಟ್ಟು ಕೊಡುತ್ತಾ ಸೇತುರಾಮರ ಹೆಂಡತಿ ಸತ್ಯಭಾಮಾಗೆ ಅದನ್ನು ಹೇಳಿಯೂಬಿಟ್ಟಳು. "ಯುಗಾದಿಯೊಳ್ಗೆ ರೈಲು ಬರ್ಲಿಲ್ಲ ಅಂದ್ರೆ ಸಾಹೇಬ್ರು ಗುಡಿ ಸುತ್ತ ಉರುಳುಸೇವೆ ಮಾಡ್ತಾರೆ ಅಂತ ಅಮ್ಮನಿಗೆ ಹೇಳ್ಬುಟ್ಟು ಬಂದಿವ್ನಿ."

ಸತ್ಯಭಾಮಾ ಮೆಂತ್ಯದ ಕಟ್ಟನ್ನು ಅಲ್ಲೇ ಕೆಳಗಿಟ್ಟಳು. "ಅವರನ್ನ ಒಂದು ಮಾತು ಕೇಳದೆ ಹೀಗೆಲ್ಲ ಹರಕೆ ಹೊರ್ತಾರೇನಮ್ಮ?"

"ನಮ್ಮನ್ನ ಕೇಳಿ ರೈಲು ನಿಲ್ಸಿದ್ರಾ, ಅಮ್ಮಾವ್ರೆ?"

ಅಂದಿನಿಂದ ಉಪ್ಪಿಟ್ಟಿನ ತಟ್ಟೆಯ ಜೊತೆಗೇ ಸೇತುರಾಮರ ಮುಂದೆ "ಕೆಲಸ ಎಲ್ಲಿಗೆ ಬಂತು?" ಎಂಬ ಪ್ರಶ್ನೆಯೂ ಬರತೊಡಗಿತು. ಕಚೇರಿಯಲ್ಲಿ ಇದನ್ನು ಯಾರೂ ಅವರಿಗೆ ಕೇಳಿರಲಿಲ್ಲ. ಹರಕೆಯೆಲ್ಲ ಮೂಢನಂಬಿಕೆ ಎಂದು ಅವರು ಗದರಿದರು. "ಆಯ್ತು, ಉರುಳೋಕೆ ಒಂದು ಪಂಚೆ ಒಗೆದಿಡ್ತೀನಿ" ಎಂದಳು ಹೆಂಡತಿ. ಉತ್ತರ ಹುಡುಕಿಕೊಂಡು ಹೊರಟಾಗ ಗೊತ್ತಾಯಿತು, ಕೆಲಸ ನಿಂತಿದ್ದದ್ದು ಹಳಿಯ ಒಂದು ಸೇತುವೆಗಾಗಿ; ಅದಕ್ಕೆ ಬೇಕಾದ ಕಬ್ಬಿಣದ ತೊಲೆಗಳು ಎಂದೋ ಬಂದು ಯಾರ್ಡಿನ ಹುಲ್ಲಿನಲ್ಲಿ ಬಿದ್ದಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಕಳಿಸಿ ಎಂದು ಕೇಳಬೇಕಾದವರು ಸೇತುರಾಮರೇ. ಅವರು ಕೇಳಿರಲಿಲ್ಲ. ಅಂದೇ ಕಾಗದ ಬರೆದು ಕೇಳಿದರು.

ಯುಗಾದಿಗೆ ವಾರವಿದೆ ಎನ್ನುವಾಗ ರೈಲು ಕೂಗಿತು. ಸಪ್ಪಲಮ್ಮ ಕಿಟಕಿ ಪಕ್ಕ ಕಾಲು ಚಾಚಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನಸಾರೆ ಅತ್ತಳು. ಅಷ್ಟು ಹಗುರವಾಗಿತ್ತು ಜೀವ.

ನಾಯಂಡಹಳ್ಳಿಯಲ್ಲಿ ಸೇತುರಾಮರು ನಿಂತಿದ್ದರು. "ಸದ್ಯ, ಉಳ್ಕೊಂಡ್ರಿ ಸಾಮಿ" ಎಂದಳು.

"ಸದ್ಯ ಕಣಮ್ಮ" ಎಂದು ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ, "ತಡ ಆಗಿದ್ದು ಮೇಲಿನವರಿಂದ ಅಲ್ಲ. ನನ್ನಿಂದ" ಎಂದರು.

ಸಪ್ಪಲಮ್ಮ ಅವರನ್ನೇ ನೋಡಿದಳು. ಇಷ್ಟು ಕಾಲ ಈ ಒಂದು ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. "ಆಗ್ಲಿ ಬಿಡಿ. ಬುಟ್ಟಿಗೆ ಒಂದು ಕೈ ಹಿಡೀರಿ" ಎಂದಳು. ಎತ್ತುವಾಗ ಸಾಹೇಬರ ಸೊಂಟ ಬಗ್ಗಿತು.

"ಇಷ್ಟು ಭಾರ ಹೊತ್ಕೊಂಡು ಅಷ್ಟು ದೂರದಿಂದ ನಡೀತಿದ್ಯಾ?"

"ಹೂಂ ಸಾಮಿ. ಇದ್ರ ಮೇಲೆ ಹರಕೆನೂ ನಾನೇ ಹೊರೋಕೆ ಆಯ್ತಿರ್ಲಿಲ್ಲ."