ಟೈಲರಮ್ಮ ಅಂಚು ಕಟ್ಟಿದ ಪೆಟ್ಟಿಗೆಗಳು

ಓಣಿಯ ಹೆಂಗಸರು ಟೈಲರಮ್ಮನ ಹತ್ತಿರ ಬಟ್ಟೆ ಹೊಲಿಸುತ್ತಿದ್ದುದು ಅವಳ ಬಾಯಿಗೆ ಹೆದರಿಕೊಂಡೇ. ಅಂಗಿ ಬಿಗಿಯಾಯಿತು ಎಂದು ಯಾರಾದರೂ ತಕರಾರು ತಂದರೆ, ಹಿಗ್ಗಿರುವುದು ನಿಮ್ಮ ಮೈ, ನನ್ನ ಕತ್ತರಿಯಲ್ಲ ಎಂದು ಮುಖಕ್ಕೇ ಹೇಳಿಬಿಡುವಳು. ಆದರೂ ಬೇರೆ ಕಡೆ ಹೋಗಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಅವಳು ಹೊಲಿದ ಅಂಗಿಯಲ್ಲಿ ಜೇಬಿನ ಗೀಟು ಎದೆಯ ಗೀಟಿಗೆ ಸರಿಯಾಗಿ ಕೂಡುತ್ತಿತ್ತು. ಜೇಬು ಎಲ್ಲಿದೆ ಎಂದು ತಡಕಾಡಿ ಹುಡುಕಬೇಕು, ಹಾಗೆ.

ಅವಳ ಗಂಡ ಮೇಸ್ತ್ರಿ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಳೇ ರೇಡಿಯೋಗಳ, ಸ್ಪೀಕರುಗಳ ಮರದ ಪೆಟ್ಟಿಗೆಗಳನ್ನು ಹೊಸದು ಮಾಡುವುದು ಅವನ ಕೆಲಸ. ಮೇಲಿನ ಸಿಪ್ಪೆಯೆದ್ದ ಪದರವನ್ನು ಕಿತ್ತು, ತಗ್ಗುಗಳನ್ನು ತುಂಬಿ, ಒಳ್ಳೆಯ ಮರದ ಕಾಗದದಷ್ಟು ತೆಳುವಾದ ಹಾಳೆಯನ್ನು, ಅಂದರೆ ವೆನೀರನ್ನು, ಅಂಟಿಸಿ ಪಾಲಿಶ್ ಹಾಕಿದರೆ, ಗುಜರಿಗೆ ಹಾಕಬೇಕಾಗಿದ್ದ ಪೆಟ್ಟಿಗೆ ಮದುಮಗನ ಹಾಗೆ ಎದ್ದು ನಿಲ್ಲುತ್ತಿತ್ತು. ಆ ಕೆಲಸದಲ್ಲಿ ಹೆಂಡತಿಗೆ ಅವನು ಕೊಟ್ಟಿದ್ದ ಪಾಲು ಇಷ್ಟೇ: ಸ್ಪೀಕರಿನ ಮುಂಭಾಗದ ಜಾಲರಿ ಬಟ್ಟೆ ಹೊಲಿಯುವುದು. ಉಳಿದದ್ದಕ್ಕೆ ಅವಳು ಕೈ ಹಾಕಿದರೆ ‘ಬಟ್ಟೆ ಬೇರೆ, ಮರ ಬೇರೆ’ ಎಂದು ಗದರುತ್ತಿದ್ದ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು, ಕಿಟಕಿಯಿಂದ ಶೆಡ್ಡಿನ ಒಳಗೆ ಕಣ್ಣಿಟ್ಟೇ ವರ್ಷಗಳನ್ನು ಕಳೆದಳು. ಅವನ ಬೈಗುಳ ಎಷ್ಟು ಬಾಯಿಪಾಠವಾಗಿತ್ತೋ, ಅವನ ಕೆಲಸವೂ ಅಷ್ಟೇ ಬಾಯಿಪಾಠವಾಗಿತ್ತು.

ಒಂದು ಬೆಳಿಗ್ಗೆ ಮೇಸ್ತ್ರಿ ಹಲ್ಲುಜ್ಜುತ್ತಿದ್ದವನು ಹಾಗೇ ಗೋಡೆಗೆ ಒರಗಿ ಕುಸಿದ. ಲಕ್ವ. ಅವನ ತಮ್ಮ ಪಕ್ಕದ ಮನೆಯಿಂದ ಓಡಿಬಂದು, ಅಣ್ಣನನ್ನು ಬೆನ್ನ ಮೇಲೆ ಹಾಕಿಕೊಂಡೇ ಓಣಿ ದಾಟಿಸಿ ಆಸ್ಪತ್ರೆಗೆ ಮುಟ್ಟಿಸಿದ. ಜೀವ ಉಳಿಯಿತು, ಎಡಗೈ, ಎಡಗಾಲು ಸೋತವು. ಮಾತು ಸ್ವಲ್ಪ ದಪ್ಪವಾಯಿತು, ಅಷ್ಟೇ. ಗತ್ತು ಮಾತ್ರ ಇದ್ದ ಹಾಗೇ ಇತ್ತು.

ಅವನು ಬೀಳುವ ಹೊತ್ತಿಗೆ ಶೆಡ್ಡಿನಲ್ಲಿ ಒಂದು ಜೋಡಿ ದೊಡ್ಡ ಸ್ಪೀಕರುಗಳಿದ್ದವು. ಮುಖ್ಯರಸ್ತೆಯ ಚಹದಂಗಡಿಯವನದು. ಅವನ ಅಪ್ಪನ ಕಾಲದಿಂದ ಅಂಗಡಿಯಲ್ಲಿ ಹಾಡು ಹೇಳಿಕೊಂಡು ಬಂದ ಪೆಟ್ಟಿಗೆಗಳು. ನೆತ್ತಿಯ ಮೇಲೆ ಲೋಟ ಇಟ್ಟ ಉಂಗುರದ ಕಲೆಗಳು, ನೆಲ ಒರೆಸಿದ ನೀರು ಕುಡಿದು ಊದಿಕೊಂಡ ಬುಡ. ಮೇಸ್ತ್ರಿ ಒಂದರ ಚರ್ಮ ಸುಲಿದು ಮುಗಿಸಿದ್ದ, ಇನ್ನೊಂದನ್ನು ಮುಟ್ಟಿರಲಿಲ್ಲ. ತೇಗದ ವೆನೀರ್ ಸುರುಳಿ ಬೀರುವಿನ ಮೇಲೆ ಕೂತಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಸ್ತ್ರಿಯನ್ನು ನೋಡಲು ಚಹದಂಗಡಿಯವನು ಬಂದ. ಕ್ಷೇಮಸಮಾಚಾರವೆಲ್ಲ ಆದ ಮೇಲೆ, ಸಂಕೋಚದಿಂದಲೇ ವಿಷಯಕ್ಕೆ ಬಂದ. ಪೇಟೆಯಲ್ಲಿ ಒಬ್ಬರು ಮರದ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕೊಡುತ್ತಾರಂತೆ, ಪೆಟ್ಟಿಗೆಗಳನ್ನು ಅಲ್ಲಿಗೆ ಒಯ್ಯಲೇ ಎಂದು ಕೇಳಿದ. ಮೇಸ್ತ್ರಿ ಗೋಡೆಯ ಕಡೆ ಮುಖ ತಿರುಗಿಸಿ ‘ಒಯ್ಯಿರಿ’ ಎಂದ.

ಬಾಗಿಲಲ್ಲಿ ನಿಂತಿದ್ದ ಟೈಲರಮ್ಮನಿಗೆ ಏನಾಯಿತೋ. ಚಹದಂಗಡಿಯವನ ಮೇಲೆ ಸಿಟ್ಟು ಬರಲಿಲ್ಲ, ಗೋಡೆ ನೋಡುತ್ತಿದ್ದ ಗಂಡನ ಬೆನ್ನಿನ ಮೇಲೆ ಬಂತು.

“ಒಯ್ಯೋದು ಬೇಡ. ನಾನು ಮಾಡಿಕೊಡ್ತೀನಿ,” ಎಂದಳು.

ಚಹದಂಗಡಿಯವನು ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಕಷ್ಟಪಟ್ಟು ಈಚೆ ಹೊರಳಿದ.

“ಹುಚ್ಚು ಹಿಡಿದಿದೆಯಾ ನಿನಗೆ? ನನ್ನ ಹೆಸರು ಕೆಡಿಸ್ತೀಯ.”

“ನಿಮ್ಮ ಹೆಸರಿಗೆ ನಾನು ಕೈ ಹಾಕಲ್ಲ. ಪೆಟ್ಟಿಗೆಗೆ ಹಾಕ್ತೀನಿ.”

ಗಂಡ ಹೆಂಡಿರ ನಡುವೆ ಸಿಕ್ಕಿಕೊಂಡ ಚಹದಂಗಡಿಯವನು, ಮುಂದಿನ ತಿಂಗಳು ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡು ಜಾರಿಕೊಂಡ.

ಮರುದಿನವೇ ಅವಳು ಶೆಡ್ಡಿನ ಬೀಗ ತೆಗೆದಳು. ಮೊದಲು ಸುಲಿಯದ ಪೆಟ್ಟಿಗೆ. ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಳು. ಹಳೇ ಅಂಟು ಮೆತ್ತಗಾದ ಕೂಡಲೇ ಅಗಲ ಉಳಿಯಿಂದ ಎಬ್ಬಿಸಿದರೆ, ವೆನೀರ್ ಪಟ್ಟಿ ಪಟ್ಟಿಯಾಗಿ ಕಿತ್ತು ಬಂತು. ಮೇಸ್ತ್ರಿ ಹೀಗೆ ಮಾಡುತ್ತಿದ್ದುದನ್ನು ಅವಳು ನೋಡಿದ್ದಳು. ಅದಕ್ಕೆಂದು ತನ್ನ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಹೋಗಿ ಮಸಿ ಮಾಡಿ ತರುತ್ತಿದ್ದನೆಂದು ಎಷ್ಟೋ ಸಲ ಜಗಳವನ್ನೂ ಆಡಿದ್ದಳು. ಊದಿಕೊಂಡ ಬುಡವನ್ನು ಕೆರೆದು, ಮರದ ಹುಡಿಯನ್ನು ಬಿಳಿ ಅಂಟಿನಲ್ಲಿ ಕಲೆಸಿ ಮೆತ್ತಿದಳು. ಒಣಗಿದ ಮೇಲೆ ಉಪ್ಪುಕಾಗದ ಹಿಡಿದು ತಿಕ್ಕಿದಳು. ಸಂಜೆ ಕನ್ನಡಿ ನೋಡಿಕೊಂಡರೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಮುದುಕಿ ಬಂದಳು ಎಂದು ತನಗೆ ತಾನೇ ನಕ್ಕಳು.

ಮೈದುನ ಒಂದು ಮಧ್ಯಾಹ್ನ ಟೆಂಪೋ ಮಾಡಿಕೊಂಡು ಬಂದ. ಅವನದು ನೆಲಕ್ಕೆ ಹಾಕುವ ಟೈಲ್ಸಿನ ವ್ಯಾಪಾರ. ಶೆಡ್ಡು ಹೇಗೂ ಖಾಲಿ ಬಿದ್ದಿದೆ, ಅಲ್ಲಿ ಮಾಲು ಇಳಿಸುತ್ತೇನೆ ಎಂದು ಆಸ್ಪತ್ರೆಯಲ್ಲಿದ್ದಾಗಲೇ ಅಣ್ಣನ ಕಿವಿಗೆ ಹಾಕಿದ್ದ. ಅಣ್ಣ ಹೂಂ ಅಂದಿರಲಿಲ್ಲ, ಉಹೂಂ ಅಂದೂ ಇರಲಿಲ್ಲ. ಮೈದುನ ಕೆಟ್ಟವನಲ್ಲ. ಅಣ್ಣನನ್ನು ಹೊತ್ತ ಬೆನ್ನು ಅವನಿಗೆ ಇನ್ನೂ ನೋಯುತ್ತಿತ್ತು. ಅದಕ್ಕೇ ಅವನ ಎದುರು ಮಾತಾಡುವುದು ಅವಳಿಗೆ ಸುಲಭವಿರಲಿಲ್ಲ. ಅವಳು ಒಂದು ಪೆಟ್ಟಿಗೆಯನ್ನು ಬಾಗಿಲಿಗೆ ಅಡ್ಡ ತಳ್ಳಿ, ಅದರ ಮೇಲೆ ಕೂತಳು.

“ಅತ್ತಿಗೆ, ಇನ್ನು ಇಲ್ಲಿ ಯಾರು ಕೆಲಸ ಮಾಡ್ತಾರೆ? ಅಣ್ಣನ ಕೈ ಹೋಯ್ತಲ್ಲ.”

“ಅಣ್ಣನ ಕೈ ಬಿದ್ದಿದೆಯಪ್ಪ, ಶೆಡ್ಡು ಬಿದ್ದಿಲ್ಲ. ನೀನು ಅವರನ್ನ ಉಳಿಸಿದೆ, ಆ ಋಣ ಸಾಯೋತನಕ ನನ್ನ ತಲೆ ಮೇಲಿರುತ್ತೆ. ಟೈಲ್ಸ್ ಮಾತ್ರ ಇಲ್ಲಿ ಇಳಿಯಲ್ಲ.”

ಟೆಂಪೋದವನು ಬಾಡಿಗೆ ಏರುತ್ತದೆಂದು ಹಾರ್ನ್ ಒತ್ತತೊಡಗಿದ. ಮೈದುನ ಅಣ್ಣನಿಗೆ ಹೇಳಿಸೋಣವೆಂದು ಒಳಗೆ ಹೋದ, ಸ್ವಲ್ಪ ಹೊತ್ತಿಗೆ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದು ಟೆಂಪೋ ಹತ್ತಿದ. ಒಳಗೆ ಏನು ನಡೆಯಿತೆಂದು ಅವಳು ಕೇಳಲಿಲ್ಲ. ಮೇಸ್ತ್ರಿಯೂ ಹೇಳಲಿಲ್ಲ.

ಇನ್ನು ವೆನೀರ್. ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿದಾಗ ಅವಳ ಎದೆ ತಣ್ಣಗಾಯಿತು. ಇದು ಬಟ್ಟೆಯೇ. ಇದಕ್ಕೂ ಉದ್ದಗೆರೆ ಇದೆ, ಅಡ್ಡ ಹಿಡಿದರೆ ಸಿಡಿಯುತ್ತದೆ, ಉದ್ದ ಹಿಡಿದರೆ ಮಾತು ಕೇಳುತ್ತದೆ. ಅವಳು ಹಳೇ ಪೇಪರಿನಲ್ಲಿ ಪೆಟ್ಟಿಗೆಯ ಅಳತೆ ಕತ್ತರಿಸಿಕೊಂಡು, ಹಾಳೆಯ ಮೇಲಿಟ್ಟು, ಟೈಲರ್ ಚಾಕ್‌ಪೀಸಿನಿಂದ ಗುರುತು ಹಾಕಿದಳು. ಮರದ ಗೆರೆಗಳು ಒಂದು ಪಕ್ಕದಿಂದ ಹತ್ತಿ, ನೆತ್ತಿಯ ಮೇಲೆ ಹಾದು, ಇನ್ನೊಂದು ಪಕ್ಕಕ್ಕೆ ಇಳಿಯಬೇಕು. ಭುಜದ ಹೊಲಿಗೆಯಲ್ಲಿ ಗೀಟು ಕೂಡಿಸಿದ ಹಾಗೆ. ಮೇಸ್ತ್ರಿ ಎಂದೂ ಹೀಗೆ ಮಾಡಿರಲಿಲ್ಲ. ಅವನು ಒಂದೊಂದು ಪಕ್ಕಕ್ಕೂ ಸಿಕ್ಕ ತುಂಡು ಹಾಕುತ್ತಿದ್ದ. ಕತ್ತರಿಸುವ ಕಡೆ ಹಾಳೆ ಸೀಳದಿರಲೆಂದು ಟೇಪು ಅಂಟಿಸಿ, ಅದರ ಮೇಲೆ ಬ್ಲೇಡು ಎಳೆದಳು.

ಅಂಟಿಸುವ ಬಗೆಯಲ್ಲೂ ಗಂಡನ ದಾರಿ ಹಿಡಿಯಲಿಲ್ಲ. ಮೇಸ್ತ್ರಿ ಅಂಟು ಬಳಿದು, ಹಲಗೆ ಹೊರಿಸಿ, ಸುತ್ತ ಕಬ್ಬಿಣದ ತಿರುಪಿನ ಬಿಗಿ ಹಾಕಿ ಒತ್ತುತ್ತಿದ್ದ. ಆ ಬಿಗಿ ತಿರುಗಿಸುವ ಕಸುವು ಅವಳ ತೋಳಿನಲ್ಲಿರಲಿಲ್ಲ. ಅವಳು ಪೆಟ್ಟಿಗೆಗೂ ಹಾಳೆಗೂ ಬಿಳಿ ಅಂಟು ತೆಳ್ಳಗೆ ಬಳಿದು, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಒಂದರ ಮೇಲೊಂದಿಟ್ಟು ಇಸ್ತ್ರಿ ಮಾಡಿದಳು. ಕಾಲರಿನೊಳಗೆ ಗಟ್ಟಿಬಟ್ಟೆ ಅಂಟಿಸುವುದು ಹೀಗೇ ತಾನೇ. ಕಾವಿಗೆ ಒಣಗಿದ ಅಂಟು ಮತ್ತೆ ಕರಗಿ ಹಿಡಿದುಕೊಳ್ಳುತ್ತದೆ.

ಹಿಡಿದುಕೊಂಡಿತು. ಎರಡು ಪಕ್ಕಗಳು ಕನ್ನಡಿಯ ಹಾಗೆ ಕೂತವು. ಮೂರನೆಯದರಲ್ಲಿ, ಕೈ ಪಳಗಿತೆಂಬ ಧೈರ್ಯದಲ್ಲಿ, ನಡುವೆ ಗಿರಾಕಿಯ ಬಟ್ಟೆಗೆಂದು ಇಸ್ತ್ರಿಪೆಟ್ಟಿಗೆಯಲ್ಲಿ ಹಬೆಗೆ ತುಂಬಿದ್ದ ನೀರನ್ನು ಚೆಲ್ಲುವುದನ್ನು ಮರೆತಳು. ಬುಸ್ ಎಂದು ಹಬೆ ಬಂತು. ಹಾಳೆ ಅಲೆಯಲೆಯಾಗಿ ಎದ್ದು, ಅವಳು ಗಾಬರಿಯಲ್ಲಿ ಒತ್ತಿದ್ದೇ ತಡ, ನಡುವೆ ಉದ್ದಕ್ಕೆ ಸೀಳಿತು.

ಅವಳು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ನೆಲದ ಮೇಲೆ ಕೂತುಬಿಟ್ಟಳು. ಆ ಹಾಳೆಗೆ ಬದಲಿ ಇರಲಿಲ್ಲ. ಅದೇ ಮರದಿಂದ ಸೀಳಿದ್ದು ಇನ್ನೊಂದು ಸಿಗುವುದೂ ಇಲ್ಲ. ಅಷ್ಟರಲ್ಲಿ ಬಾಗಿಲ ಬಳಿ ಕೋಲು ಊರಿದ ಸದ್ದಾಯಿತು. ಮೇಸ್ತ್ರಿ. ಅಡುಗೆಮನೆ ದಾಟಿ, ಅಂಗಳ ದಾಟಿ, ಕಾಲೆಳೆದುಕೊಂಡು ಬಂದು ಚೌಕಟ್ಟಿಗೆ ಒರಗಿ ನಿಂತಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಬಚ್ಚಲಿನಾಚೆ ಅವನು ಕಾಲಿಟ್ಟಿರಲಿಲ್ಲ.

ಸೀಳಿದ ಹಾಳೆ ನೋಡಿ, ನಾನು ಹೇಳಿರಲಿಲ್ಲವೇ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದದ್ದು ಅವಳಿಗೆ ಕಾಣಿಸಿತು. ಅವನು ಅದನ್ನು ನುಂಗಿಕೊಂಡು, ಸೀಳಿದ್ದನ್ನೇ ಹೇಗೋ ಕೂಡಿಸು, ಆ ಪಕ್ಕ ಗೋಡೆ ಕಡೆಗಿರಲಿ, ಯಾರೂ ನೋಡುವುದಿಲ್ಲ ಎಂದ.

ಈ ಮಾತು ಅವಳನ್ನು ಎಬ್ಬಿಸಿ ನಿಲ್ಲಿಸಿತು.

“ಯಾಕೆ ಗೋಡೆ ಕಡೆ? ಬಟ್ಟೆ ಸಾಲದಿದ್ರೆ ನಾನು ಯಾವತ್ತಾದರೂ ಬೆನ್ನಿಗೆ ತೇಪೆ ಹಾಕಿ ಕಳಿಸಿದೀನಾ? ಅಂಚು ಕೊಟ್ಟು ಹೊಲೀತೀನಿ. ಒಂದು ತೋಳಿಗೆ ಕೊಟ್ಟರೆ ಎರಡಕ್ಕೂ ಕೊಡ್ತೀನಿ.”

ಮೇಸ್ತ್ರಿಯ ಚೂರುಪಾರಿನ ಡಬ್ಬದಲ್ಲಿ ಯಾವುದೋ ಹಳೇ ಮಂಚದ ಕೆಲಸದಲ್ಲಿ ಉಳಿದಿದ್ದ ಕಡುಗಪ್ಪು ಮರದ ಪಟ್ಟಿಗಳಿದ್ದವು. ಅವಳು ಹಾಳೆಯನ್ನು ಕಾಯಿಸಿ ಕಿತ್ತು, ಸೀಳನ್ನು ನೇರವಾಗಿ ಕತ್ತರಿಸಿ, ಎರಡು ಭಾಗಗಳ ನಡುವೆ ಬೆರಳಗಲದ ಕಪ್ಪು ಪಟ್ಟಿ ಕೂಡಿಸಿದಳು. ಆಮೇಲೆ, ಮೇಸ್ತ್ರಿ ಬೇಡ ಬೇಡ ಎನ್ನುತ್ತಿದ್ದ ಹಾಗೇ, ಚೆನ್ನಾಗಿ ಕೂತಿದ್ದ ಪಕ್ಕಗಳನ್ನೂ ಬ್ಲೇಡಿನಿಂದ ಸೀಳಿ, ಅಲ್ಲೂ ಅದೇ ಪಟ್ಟಿ ಇಳಿಸಿದಳು. ಗೆರೆ ಕೆಳಗಿನಿಂದ ಹತ್ತಿ ನೆತ್ತಿಯ ಮೇಲೂ ಹಾದು ಹೋಯಿತು. ಎರಡನೆಯ ಪೆಟ್ಟಿಗೆಗೂ ಹಾಗೇ. ಮೇಸ್ತ್ರಿ ತಲೆ ಚಚ್ಚಿಕೊಳ್ಳಲು ಎಡಗೈ ಎತ್ತಲು ಹೋಗಿ, ಏಳದೆ, ಬಲಗೈಯಿಂದ ಚಚ್ಚಿಕೊಂಡ. ಇಬ್ಬರಿಗೂ ನಗು ಬಂತು. ನಕ್ಕದ್ದನ್ನು ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡರು.

ಅಂದಿನಿಂದ ಅವನು ದಿನಾ ಬಂದು ಶೆಡ್ಡಿನ ಕುರ್ಚಿಯಲ್ಲಿ ಕೂರತೊಡಗಿದ. ಕೂತ ಮೇಲೆ ಸುಮ್ಮನಿರುವ ಜನ್ಮವಲ್ಲ. ಬಲಗೈಯ ಉಗುರಿನಿಂದ ಪೆಟ್ಟಿಗೆಯ ಮೈಯೆಲ್ಲ ತಟ್ಟುತ್ತ ಹೋಗುವನು. ಪೊಳ್ಳು ಸದ್ದು ಬಂದಲ್ಲಿ ನಿಲ್ಲಿಸಿ ‘ಇಲ್ಲಿ’ ಎನ್ನುವನು. ಅಲ್ಲಿ ವೆನೀರ್ ಹಿಡಿದಿಲ್ಲ, ಒಳಗೆ ಗಾಳಿ ಕೂತಿದೆ ಎಂದು ಅರ್ಥ. ಅವಳು ಗೆರೆಯ ಉದ್ದಕ್ಕೆ ಸಣ್ಣಗೆ ಗೀರಿ, ಅವನ ಔಷಧಿಯ ಸಿರಿಂಜಿನಿಂದ ಅಂಟು ತೂರಿಸಿ, ಮತ್ತೆ ಇಸ್ತ್ರಿ ಒತ್ತುವಳು. ಬಿಗಿ ಹಾಕಿ ಒತ್ತಿದ್ದರೆ ಈ ಗುಳ್ಳೆಗಳೇ ಏಳುತ್ತಿರಲಿಲ್ಲ ಎಂದು ಅವನು ಗೊಣಗುವನು. ಹಾಗಾದರೆ ಎದ್ದು ಬಂದು ತಿರುಗಿಸಿ ಎಂದು ಅವಳು. ಅವನಿಗೆ ಆ ಮಾತು ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಹಾಸಿಗೆ ಹಿಡಿದ ಮೇಲೆ ಬಂದವರೆಲ್ಲ ತಲೆಬಾಗಿಲಲ್ಲೇ ದನಿ ತಗ್ಗಿಸಿ ಮಾತಾಡಿಸುತ್ತಿದ್ದರು. ಸಮಸಮನಾಗಿ ಜಗಳಕ್ಕೆ ನಿಂತವಳು ಇವಳೊಬ್ಬಳೇ.

ಹೇಳಿದ ತಿಂಗಳಿಗೆ ಚಹದಂಗಡಿಯವನು ಬಂದ. ಹೊಸ ಜಾಲರಿ ಬಟ್ಟೆ ತೊಟ್ಟು ನಿಂತಿದ್ದ ಪೆಟ್ಟಿಗೆಗಳ ಸುತ್ತ ಬಂದು, ನೆತ್ತಿ ಸವರಿ, ಕಪ್ಪು ಪಟ್ಟಿಯ ಮೇಲೆ ಬೆರಳು ನಿಲ್ಲಿಸಿದ.

“ಇದು ಮೊದಲು ಇರಲಿಲ್ಲವಲ್ಲ, ಟೈಲರಮ್ಮ?”

“ಇರಲಿಲ್ಲ. ಈಗ ಇದೆ.”

ಅವನು ಅಭ್ಯಾಸಬಲದಿಂದ ಮೇಸ್ತ್ರಿಯ ಕಡೆ ತಿರುಗಿದ. ಅವಳೂ ಅತ್ತ ತಿರುಗಿದಳು. ಪೆಟ್ಟಿಗೆಯನ್ನು ಬೇರೆಯವರು ಒಪ್ಪಲಿ ಬಿಡಲಿ, ಕುರ್ಚಿಯಲ್ಲಿ ಕೂತ ಈ ಮನುಷ್ಯ ಈಗ ಏನಾದರೂ ಸಮಜಾಯಿಷಿ ಕೊಟ್ಟರೆ, ಹೆಂಗಸು ಮಾಡಿದ್ದು ಹೊಂದಿಸಿಕೊಳ್ಳಿ ಎಂದರೆ, ಉಪ್ಪುಕಾಗದ ಸುತ್ತಿದ ಮರದ ತುಂಡನ್ನು ತಲೆಗೇ ಎಸೆಯುವುದೆಂದು ತೀರ್ಮಾನಿಸಿದಳು.

“ನನ್ನನ್ನೇನು ನೋಡ್ತೀರಿ?” ಎಂದ ಮೇಸ್ತ್ರಿ. “ಮಾಡಿದವಳು ಅಲ್ಲಿದಾಳೆ. ಬೇಡ ಅನ್ನೋದಿದ್ರೆ ಅವಳಿಗೆ ಹೇಳಿ. ಆದರೆ ಸ್ವಲ್ಪ ದೂರ ನಿಂತು ಹೇಳಿ.”

ಚಹದಂಗಡಿಯವನು ದೂರವೂ ನಿಲ್ಲಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಇನ್ನೊಂದು ಸುತ್ತು ಬಂದ. ತನ್ನ ಅಪ್ಪನಿಗೆ ಹೀಗೆ ಅಂಚಿರುವ ಶಾಲು ಹೊದೆಯುವ ಹುಚ್ಚಿತ್ತು ಎಂದು ಏನೋ ನೆನಪಿಸಿಕೊಂಡು, ಕೈಗಾಡಿ ಕರೆಯಲು ಹೊರಟ.

ಪೆಟ್ಟಿಗೆಗಳನ್ನು ಅಂಗಡಿಯಲ್ಲಿ ಕೂರಿಸುವಾಗ ಅವಳೂ ಹೋದಳು. ಚಹದಂಗಡಿಯವನು ಹಾಡು ಹಚ್ಚಿ, ಸದ್ದು ಏರಿಸಿದ. ಹಾಡು ಯಾವುದೆಂದು ಅವಳು ಕಿವಿಗೊಡಲಿಲ್ಲ. ನೆತ್ತಿಯ ಮೇಲೆ ಅಂಗೈ ಇಟ್ಟು, ಎಲ್ಲಾದರೂ ಹಾಳೆ ಬಿಟ್ಟುಕೊಂಡು ಕಿರುಗುಟ್ಟುತ್ತಿದೆಯೇ ಎಂದು ಪರೀಕ್ಷಿಸಿದಳು. ಒಳಗಿನ ಸದ್ದು ಮರದಿಂದ ಅಂಗೈಗೆ, ಅಂಗೈಯಿಂದ ಮೊಣಕೈಗೆ ಹತ್ತಿತು. ಎಲ್ಲೂ ಏನೂ ಅಲುಗಲಿಲ್ಲ. ಮೇಜಿನಲ್ಲಿ ಕೂತಿದ್ದ ಒಬ್ಬ ಗಿರಾಕಿ ಲೋಟ ಹಿಡಿದುಕೊಂಡು ಎದ್ದು ಬಂದು, ಅದನ್ನು ಪೆಟ್ಟಿಗೆಯ ಮೇಲಿಟ್ಟು ಚಪ್ಪಾಳೆ ತಟ್ಟಲು ಹೊರಟ. ಅವಳು ಲೋಟ ಎತ್ತಿ ಅವನ ಕೈಗೇ ಕೊಟ್ಟು, ಆಮೇಲೆ ಮನೆಗೆ ಹೊರಟಳು.

ಈಗ ಶೆಡ್ಡಿನಲ್ಲಿ ಹೊಲಿಗೆ ಯಂತ್ರವೂ ಇದೆ, ಉಳಿಗಳೂ ಇವೆ. ಬೇರೆ ಊರಿಂದಲೂ ಪೆಟ್ಟಿಗೆಗಳು ಬರುತ್ತವೆ. ಕೆಲವರು ಅಂಚು ಬೇಕೆಂದೇ ಕೇಳಿಕೊಂಡು ಬರುತ್ತಾರೆ. ಮೈದುನ ಟೈಲ್ಸಿಗೆ ಬೇರೆ ಜಾಗ ನೋಡಿಕೊಂಡ, ಅತ್ತಿಗೆಯ ಜೊತೆ ಒಂದಷ್ಟು ದಿನ ಮುನಿಸಿಕೊಂಡಿದ್ದು ಆಮೇಲೆ ಸರಿಹೋದ. ಮೇಸ್ತ್ರಿಯ ಎಡಗೈ ಹಾಗೇ ಇದೆ. ಅವಳು ಪಾಲಿಶ್ ಹೆಚ್ಚು ಹೊಳೆಯುವ ಹಾಗೆ ಹಾಕುತ್ತಾಳೆ, ಮರ ಅಂದಮೇಲೆ ಹೀಗೆಲ್ಲ ಹಲ್ಲು ಕಿರಿಯಬಾರದು ಎಂದು ಅವನ ವಾದ. ಹೊಳೆಯಲಿ, ಇಷ್ಟು ದಿನ ಮಂಕಾಗಿದ್ದದ್ದು ಸಾಲದೇ ಎಂದು ಅವಳು ಇನ್ನೊಂದು ಕೈ ಪಾಲಿಶ್ ಬಳಿಯುತ್ತಾಳೆ.