ಮೋಟಾರಿನ ಕಣ್ಣಿಗೆ ತಂಬಿಗೆ ನೀರು

ನನ್ನ ತವರು ಕೋಟನೂರು, ಕಲಬುರಗಿಯ ಮಗ್ಗುಲಿಗೇ ಇರುವ ಊರು. ನಮ್ಮ ಮನೆಯಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಶುರುವಾಗುತ್ತಿತ್ತು. ಅಂಥ ಮನೆಯಿಂದ ನನ್ನನ್ನು ಕಮಲಾಪುರಕ್ಕೆ ಕೊಟ್ಟರು. ಅಳಿಯ ಮೋಟಾರು ನಡೆಸುತ್ತಾನೆ ಎಂದು ನಮ್ಮಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ನಿಜಾಮರ ಕಾಲ ಅದು. ಮೋಟಾರು ಬಂದರೆ ಚಾವಡಿಯಲ್ಲಿ ಕೂತ ಪಟೇಲನೂ ಎದ್ದು ನಿಲ್ಲುತ್ತಿದ್ದ. ಆ ಮೋಟಾರು ಇರುವುದು ಕಲಬುರಗಿಯಲ್ಲಿ, ಗಂಡನೂ ಅದರ ಜೊತೆ ಅಲ್ಲೇ, ನಾನು ಮಾತ್ರ ಕಮಲಾಪುರದಲ್ಲಿ ಎನ್ನುವುದು ಮದುವೆಯ ಅಕ್ಕಿಕಾಳು ಬಿದ್ದ ಮೇಲೆ ತಿಳಿಯಿತು.

ಮೋಟಾರು ಗಂಜಿನ, ಎಂದರೆ ಕಾಳಿನ ಪೇಟೆಯ, ಒಬ್ಬ ಸಾಹುಕಾರರದು. ರೈತರ ಕಾಳು ಮಾರಿಕೊಡುವ ಅವರ ಅಡತಿ ಅಂಗಡಿಯ ಹಿಂದೆ ತಗಡು ಹೊದಿಸಿದ ಒಂದು ಕೊಟ್ಟಿಗೆ. ಮೋಟಾರು ನಿಂತು ಉಳಿದ ಜಾಗದಲ್ಲಿ ನಮ್ಮ ಮನೆಯವರ ಹಾಸಿಗೆ. ಅದರಲ್ಲಿ ಹೆಂಡತಿಯನ್ನು ಎಲ್ಲಿ ಇಟ್ಟುಕೊಳ್ಳುವುದು? ಹಾಗಾಗಿ ನಾನು ಅತ್ತೆಯ ಜೊತೆ ಉಳಿದೆ.

ಅತ್ತೆ ಕೆಟ್ಟವರಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ, ಬಿಸಿ ರೊಟ್ಟಿಯನ್ನು ನನಗೇ ಮೊದಲು ಹಾಕುತ್ತಿದ್ದರು. ಆದರೆ ಮಾತಿಲ್ಲ. "ಉಣ್ಣು", "ಬಾಗಿಲಾ ಹಾಕು", "ಹೂಂ". ದಿನದ ಮಾತೆಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು. ನಾನು ಎಮ್ಮೆಯ ಜೊತೆ ಮಾತಾಡತೊಡಗಿದೆ. ಎಮ್ಮೆ ಕಿವಿಯನ್ನಾದರೂ ಅಲ್ಲಾಡಿಸುತ್ತಿತ್ತು. ಜನ ಇದ್ದ ಮನೆಯಲ್ಲೇ ಒಂಟಿಯಾಗಿರುವುದು ಎಂಥದ್ದೆಂದು ಗೊತ್ತಿಲ್ಲದವರಿಗೆ ಇದು ನಗೆಯ ಮಾತು. ನನಗೆ ಆಗ ನಗು ಬರುತ್ತಿರಲಿಲ್ಲ. ಕೆಲವು ಸಂಜೆ ಹಿತ್ತಲಿಗೆ ಹೋಗಿ, ನನ್ನ ದನಿ ಇನ್ನೂ ಇದೆಯೋ ಇಲ್ಲವೋ ಎಂದು ನೋಡಲು, ಸುಮ್ಮನೆ ನನ್ನ ಹೆಸರನ್ನೇ ನಾನು ಕರೆದುಕೊಂಡಿದ್ದೇನೆ.

ಆ ವರ್ಷ ಶ್ರಾವಣದಲ್ಲಿ ಸಾಹುಕಾರರಿಗೆ ಕಮಲಾಪುರದ ಹಂಬಲ ಹುಟ್ಟಿತು. ಅವರ ಅಕ್ಕನನ್ನು ನಮ್ಮೂರಿಗೇ ಕೊಟ್ಟಿದ್ದರು. ಆಕೆಗೆ ಮೈ ಸರಿಯಿರಲಿಲ್ಲ. ಪ್ರತಿ ಗುರುವಾರ ಅಂಗಡಿ ಮುಚ್ಚಿ ಮೋಟಾರು ಹತ್ತಿ ಬರುವುದು, ಅಕ್ಕನ ಮನೆಯಲ್ಲಿ ಉಂಡು ಕತ್ತಲಾದ ಮೇಲೆ ತಿರುಗಿ ಹೋಗುವುದು, ಇದು ಅವರ ಲೆಕ್ಕ. ಮರುದಿನ ನಸುಕಿನಲ್ಲೇ ಗಂಜಿನಲ್ಲಿ ಕಾಳಿನ ಲಿಲಾವು, ಕೂಗಿ ಬೆಲೆ ಕಟ್ಟುವ ಹರಾಜು. ಅದಕ್ಕೆ ಅವರು ಇರಲೇಬೇಕು. ಅವರು ಉಂಡು ಏಳುವವರೆಗೆ ಮೋಟಾರು ನಮ್ಮ ಮನೆಯ ಮುಂದೆ ನಿಲ್ಲುತ್ತಿತ್ತು. ಅಷ್ಟು ಹೊತ್ತು ಮಾತ್ರ ಗಂಡ ನನ್ನವನು.

ಮೊದಲ ಗುರುವಾರ ಮೋಟಾರು ಬಂದಾಗ ಮುಸ್ಸಂಜೆ. ದಾರಿಯುದ್ದಕ್ಕೂ ಮೋಡ ಕವಿದಿದ್ದರಿಂದ ಮುಂದಿನ ದೀಪಗಳನ್ನು ಆಗಲೇ ಹಚ್ಚಿದ್ದರು. ಅತ್ತೆ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದರು. ಬಂಡಿ ದೂರದಿಂದ ಬಂದರೆ ಎತ್ತಿನ ಕಾಲಿಗೆ ನೀರು ಹಾಕಿ, ಕಣ್ಣಿಗೆ ಬಿದ್ದ ಧೂಳನ್ನು ಒದ್ದೆ ಕೈಯಿಂದ ಒರೆಸಿ, ಆಮೇಲೆ ಕೊಟ್ಟಿಗೆಗೆ ಕರೆದುಕೊಳ್ಳುವುದು ನಮ್ಮ ಕಡೆಯ ರೂಢಿ. ದುಡಿದು ಬಂದ ಜೀವವನ್ನು ಹಾಗೇ ಒಳಗೆ ಕರೆಯಬಾರದು. ಮೋಟಾರಿಗೆ ಗೊರಸಿಲ್ಲ, ಕೊಂಬಿಲ್ಲ. ಅತ್ತೆ ಸುತ್ತ ನೋಡಿದರು. ಕಣ್ಣು ಮಾತ್ರ ಇವೆ ಎನ್ನಿಸಿರಬೇಕು. ಎರಡೂ ದೀಪಗಳ ಮೇಲೆ ನೀರು ಸುರಿದು, ಸೆರಗಿನಿಂದ ಧೂಳು ಒರೆಸಿದರು. ನಮ್ಮ ಮನೆಯವರು ನಕ್ಕರು, ಬೇಡ ಎನ್ನಲಿಲ್ಲ.

ಸಾಹುಕಾರರು ಉಂಡು ಬಂದು, ದೀಪ ಹಚ್ಚಿದಾಗ ನೋಡಿದರೆ ಗಾಜಿನ ಒಳಗೆಲ್ಲ ಬೆವರು. ಬೆಳಕು ಮುಂದಕ್ಕೆ ಹೋಗದೆ ಗಾಜಿನಲ್ಲೇ ಕೂತುಬಿಟ್ಟಿತ್ತು, ಮಜ್ಜಿಗೆಯ ಗಡಿಗೆಯೊಳಗೆ ಹಣತೆ ಇಟ್ಟ ಹಾಗೆ. ದಾರಿಯಲ್ಲಿ ದೀಪವಿಲ್ಲದ ಬಂಡಿಗಳು, ಮಳೆಗೆ ಕೊರೆದ ತಗ್ಗುಗಳು. ಸಾಹುಕಾರರು ಧೈರ್ಯ ಮಾಡಲಿಲ್ಲ. ಅಕ್ಕನ ಮನೆಗೇ ಮರಳಿ ಮಲಗಿದರು. ನಮ್ಮ ಮನೆಯವರು ನಮ್ಮ ಮನೆಯಲ್ಲಿ ಉಳಿದರು.

ಮುಂದಿನ ಗುರುವಾರವೂ ಅದೇ ಮೋಡ, ಅದೇ ತಂಬಿಗೆ ನೀರು, ಗಾಜಿನಲ್ಲಿ ಅದೇ ಬೆವರು. ಅದರ ಮುಂದಿನದೂ ಅದೇ. ಕಲಬುರಗಿಯಲ್ಲಿ ಇದ್ದಷ್ಟು ದಿನ ದೀಪ ಸ್ವಚ್ಛ. ಕಮಲಾಪುರಕ್ಕೆ ಬಂದರೆ ಕಣ್ಣು ಕಟ್ಟುತ್ತಿತ್ತು. ಕಲಬುರಗಿ ಸ್ಟೇಷನ್ನಿನ ಹತ್ತಿರದ ಮೋಟಾರು ಮಿಸ್ತ್ರಿ ಬಿಚ್ಚಿ ನೋಡಿ, ಯಂತ್ರದಲ್ಲಿ ಏನೂ ಇಲ್ಲ, ಕಮಲಾಪುರದ ಬಾಳೆತೋಟಗಳ ತಂಪೇ ಖರಾಬು ಎಂದನಂತೆ. ನಾವೆಲ್ಲ ಅದನ್ನೇ ನಂಬಿದೆವು. ನಮ್ಮೂರ ಕೆಂಪು ಬಾಳೆಗೆ ಹೆಸರಿತ್ತು. ಅದಕ್ಕೊಂದು ಕೆಟ್ಟ ಹೆಸರೂ ಸೇರಿತು.

ದೀಪ ಒಣಗಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮನೆಯವರು ಸುತ್ತಿನ ಬಳೆಯ ತಿರುಪು ಬಿಚ್ಚಿ, ಗಾಜನ್ನೂ ಅದರ ಹಿಂದಿನ ಬೆಳ್ಳಿ ನೀರು ಹಾಕಿದ ಬಟ್ಟಲನ್ನೂ ಒಳಗೆ ತರುತ್ತಿದ್ದರು. ಗಾಜನ್ನು ನಾನು ಹಳೆಯ ಧೋತರದ ತುಂಡಿನಿಂದ ಒರೆಸಿ ಒಲೆಯ ಹತ್ತಿರ ಇಡುತ್ತಿದ್ದೆ, ತೀರ ಹತ್ತಿರವಲ್ಲ. ಬಟ್ಟಲನ್ನು ಮಾತ್ರ ಮುಟ್ಟುವಂತಿಲ್ಲ, ಒರೆಸಿದರೆ ಬೆಳ್ಳಿ ಎದ್ದುಹೋಗುತ್ತದೆ.

"ಬೂದಿ ಹಚ್ಚಿ ತಿಕ್ಕಬ್ಯಾಡ ಮತ್ತ. ಅದು ನಿನ್ನ ಗಂಗಾಳ ಅಲ್ಲ," ಎನ್ನುತ್ತಿದ್ದರು ಅವರು.

"ಗಂಗಾಳ ಆಗಿದ್ರ ಇಷ್ಟೊತ್ತಿಗಿ ಬೆಳಗಿ ಇಡ್ತಿದ್ದೆ. ನಿಮ್ಮ ಸಾಹುಕಾರನ ಬಟ್ಟಲಿಗಿ ಭಾಳ ನಖರಾ," ಎನ್ನುತ್ತಿದ್ದೆ ನಾನು.

ಮುಟ್ಟದೆ ಒಣಗಿಸುವುದಕ್ಕೆ ಉಪಾಯ ಹೇಳಿದ್ದು ಅತ್ತೆ, ಅದೂ ಒಂದೇ ಮಾತಿನಲ್ಲಿ: "ಸುಣ್ಣ." ಭಟ್ಟಿಯಿಂದ ಬಂದ, ಇನ್ನೂ ನೀರು ಕಾಣದ ಸುಣ್ಣದ ಹರಳುಗಳನ್ನು ಅರಿವೆಯಲ್ಲಿ ಸಡಿಲವಾಗಿ ಕಟ್ಟಿ, ಬಟ್ಟಲಿನ ಜೊತೆ ಬುಟ್ಟಿಯಡಿ ಬೋರಲು ಹಾಕಿ ಇಟ್ಟರೆ ಬೆಳಗಾಗುವುದರೊಳಗೆ ಸುಣ್ಣ ತೇವವನ್ನೆಲ್ಲ ಕುಡಿದು ಹಿಟ್ಟಾಗುತ್ತಿತ್ತು. ಬುಟ್ಟಿ ಮುಚ್ಚುವ ಮೊದಲು ನಾನೂ ನಮ್ಮ ಮನೆಯವರೂ ಆ ಬಟ್ಟಲೊಳಗೆ ಇಣುಕುತ್ತಿದ್ದೆವು. ಅದರಲ್ಲಿ ಮುಖ ತಲೆಕೆಳಗಾಗಿ ಕಾಣುತ್ತದೆ. ಅವರ ಮೀಸೆ ಮೇಲೆ, ಹುಬ್ಬು ಕೆಳಗೆ. ನಾನು ನಕ್ಕಿದ್ದು, ಮನಸ್ಸು ತುಂಬ ಮಾತಾಡಿದ್ದು ಆ ಹೊತ್ತಿನಲ್ಲೇ. ಅತ್ತೆ ಗೋಡೆಗೆ ಒರಗಿ ಕೂತು ನಮ್ಮನ್ನೇ ನೋಡುತ್ತಿದ್ದರು. ಆ ತೇವ ಎಂದಿಗೂ ಆರದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ, ಕೈ ಮಾತ್ರ ಒರೆಸುತ್ತಿತ್ತು.

ಭಾದ್ರಪದದ ಒಂದು ಶುಕ್ರವಾರ ಬೆಳಗ್ಗೆ ಸಾಹುಕಾರರು ನಮ್ಮ ಬಾಗಿಲಿಗೇ ಬಂದರು. ಮತ್ತೊಂದು ಲಿಲಾವು ತಪ್ಪಿತ್ತು.

"ನೋಡಪಾ," ಅಂದರು ನಮ್ಮ ಮನೆಯವರಿಗೆ. "ಇನ್ನೊಮ್ಮಿ ಹಿಂಗಾತು ಅಂದ್ರ ಮೋಟಾರ್ ಈ ಊರಿಗಿ ಬರಂಗಿಲ್ಲ. ನಾ ಮಂದಿ ಹೋಗೋ ಸರ್ವಿಸ್ ಮೋಟಾರಿನಾಗ ಬಂದು ಹೋಗ್ತೀನಿ. ನೀ ಅಲ್ಲೇ ಕಲಬುರಗ್ಯಾಗ ಗಾಡಿ ಒರೆಸ್ಕೋತ ಇರು."

ಬಾಗಿಲ ಹಿಂದೆ ನಿಂತು ನಾನು ಎಲ್ಲ ಕೇಳಿಸಿಕೊಂಡೆ. ದೀಪ ಮಂಜಾದರೆ ನಮ್ಮ ಮನೆಯವರು ಇನ್ನು ಬರುವುದೇ ಇಲ್ಲ.

ಮುಂದಿನ ಗುರುವಾರ ಅತ್ತೆಗೆ ಜ್ವರ. ಕಂಬಳಿ ಹೊದ್ದು ಮಲಗಿದವರು ಏಳಲಿಲ್ಲ. ಮೋಟಾರು ಬಂತು, ನಾನು ಗಂಜಿ ಕಾಯಿಸುವುದರಲ್ಲಿದ್ದೆ, ನಮ್ಮ ಮನೆಯವರು ತಾಯಿಯ ಹಣೆ ಮುಟ್ಟುತ್ತ ಕೂತರು. ಕತ್ತಲಾಗಿ ದೀಪ ಹಚ್ಚಿದರೆ ಎದುರಿನ ಬೇವಿನ ಮರದ ಎಲೆ ಎಲೆಯೂ ಕಂಡಿತು. ಸಾಹುಕಾರರು ಹಿಗ್ಗಿ, ಜ್ವರದ ತಾಯಿಯನ್ನು ನೋಡಿಕೊಳ್ಳಲು ಸೊಸೆ ಇದ್ದಾಳಲ್ಲ ಎಂದು ಮೋಟಾರು ಹತ್ತಿದರು. ನಮ್ಮ ಮನೆಯವರು ಹೋದರು. ನಾನು ಒಳಗೆ ಬಂದೆ. ಮೂಲೆಯಲ್ಲಿ ಅತ್ತೆಯ ತಂಬಿಗೆ ಬೋರಲಾಗಿ, ಒಣಗಿ ಕೂತಿತ್ತು. ಅದನ್ನು ನೋಡಿದ ಕ್ಷಣ ನನಗೆ ಎಲ್ಲ ಹೊಳೆಯಿತು. ಕಾದ ಬಾಣಲೆಗೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ಅಡುಗೆ ಮಾಡುವವಳಿಗೆ ಹೇಳಿಕೊಡಬೇಕೆ? ಉರಿದು ಬಿಸಿಯಾದ ದೀಪ ತಣ್ಣೀರು ಬಿದ್ದೊಡನೆ ಸಂದಿನಿಂದ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಅದೇ ಆವಿಯಾಗಿ ಗಾಜಿಗೆ ಕೂರುತ್ತಿತ್ತು. ಪಾಪ, ಬಾಳೆತೋಟದ ತಂಪಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಆ ವಾರ ನಾನು ಪಟ್ಟ ಪಾಡು ಎಮ್ಮೆಗೂ ಹೇಳಲಿಲ್ಲ. ನೀರು ಹಾಕುವ ಅತ್ತೆಯ ಕೈ ತಡೆಯದಿದ್ದರೆ ಗಂಡ ಮುಂದೆ ಬರುವುದಿಲ್ಲ. ತಡೆದರೆ ಬರುತ್ತಾನೆ, ಬಂದಷ್ಟೇ ಬೇಗ ಹೋಗುತ್ತಾನೆ. ಹೇಗೆ ನೋಡಿದರೂ ಆ ಬುಟ್ಟಿ, ಆ ಸುಣ್ಣ, ಆ ತಲೆಕೆಳಗಿನ ಮೀಸೆ ನನ್ನ ಕೈತಪ್ಪಿದವು. ನನಗೆ ಯಾರ ಮೇಲೆ ಎಂದಿಲ್ಲದೆ ಸಿಟ್ಟು ಬಂದಿತ್ತು. ಸಾಹುಕಾರರ ಮೇಲೆ, ಅವರ ಕಾಳಿನ ಮೇಲೆ, ಮೋಟಾರು ಕಂಡುಹಿಡಿದ ಪುಣ್ಯಾತ್ಮನ ಮೇಲೆ.

ಗುರುವಾರ ಬಂತು. ಅತ್ತೆ ಎದ್ದು ಓಡಾಡುತ್ತಿದ್ದರು. ಮೋಟಾರು ನಿಂತಿತು, ನಮ್ಮ ಮನೆಯವರು ಸಾಹುಕಾರರ ಗಂಟು ಹಿಡಿದು ಅವರ ಅಕ್ಕನ ಮನೆಯವರೆಗೆ ಹೋದರು. ಅತ್ತೆ ತಂಬಿಗೆ ಹಿಡಿದು ಹೊರಗೆ ಬಂದರು. ನಾನು ಅಡ್ಡ ಹೋಗಿ ಅವರ ಮುಂಗೈ ಹಿಡಿದೆ. ಅದುವರೆಗೆ ಅವರನ್ನು ನಾನು ಹಾಗೆ ಮುಟ್ಟಿರಲಿಲ್ಲ.

"ಅತ್ತಿ, ಕಣ್ಣಿಗಿ ಬ್ಯಾಡ್ರಿ. ಗಾಲಿಗಿ ಹಾಕ್ರಿ," ಎಂದೆ.

ಅವರು ನನ್ನನ್ನು ನೋಡಿದರು. ಕೈ ಬಿಡಿಸಿಕೊಳ್ಳಲಿಲ್ಲ.

"ಗಾಲಿಗಿ ಹಾಕಿದ್ರ ನನ್ನ ಮಗ ನಿಲ್ತಾನೇನು?" ಎಂದರು.

ನಾನು ತಂಬಿಗೆಗೂ ಕೈ ಹಾಕಿದೆ.

"ಮೊದಲನೇ ಸಲ ನಂಗ ಗೊತ್ತಿದ್ದಿಲ್ಲ," ಎಂದರು ಅತ್ತೆ. "ಎರಡನೇ ಸಲಕ್ಕ ಗೊತ್ತಾತು. ಅವ ನಿಂತ್ರ ನೀ ನಗ್ತಿದ್ದಿ. ನಿನ್ನ ನಗು ಕೇಳಿ ನನಗೂ ಮನಿ ಅನ್ನಿಸ್ತಿತ್ತು."

ಅವರ ಬಾಯಿಂದ ಅಷ್ಟು ಉದ್ದದ ಮಾತು ನಾನು ಕೇಳಿರಲಿಲ್ಲ. ಸಾಹುಕಾರರು ಆ ಶುಕ್ರವಾರ ಆಡಿದ್ದನ್ನು ಅವರಿಗೆ ಹೇಳಿದೆ. ಹಿತ್ತಲಲ್ಲಿದ್ದ ಅವರು ಅದನ್ನು ಕೇಳಿಸಿಕೊಂಡಿರಲಿಲ್ಲ. ಈಗ ಕೇಳಿ, ಎತ್ತಿದ ತಂಬಿಗೆಯನ್ನು ಕೆಳಗಿಳಿಸಿದರು. ಆಮೇಲೆ ಬಗ್ಗಿ, ಒಂದೊಂದೇ ಗಾಲಿಯ ಹತ್ತಿರ ಹೋಗಿ, ನಾಲ್ಕಕ್ಕೂ ಸಮನಾಗಿ ನೀರು ಹಾಕಿದರು. ದೀಪದ ಧೂಳನ್ನು ಒಣ ಸೆರಗಿನಿಂದ ಒರೆಸಿದರು.

ಕತ್ತಲಾದ ಮೇಲೆ ನಮ್ಮ ಮನೆಯವರು ದೀಪ ಹಚ್ಚಿದರು. ಬೇವಿನ ಮರ ಕಂಡಿತು. ಅವರು ಗಾಜಿನ ಮೇಲೆ ಅಂಗೈ ಆಡಿಸಿದರು, ಬಗ್ಗಿ ಒದ್ದೆ ಗಾಲಿಗಳನ್ನು ನೋಡಿದರು.

"ಇವತ್ತ ಗಾಲಿಗಿ ಹಾಕಿದೇನವ್ವಾ?" ಎಂದು ತಾಯಿಯನ್ನು ಕೇಳಿದರು.

"ಹೂಂ," ಎಂದರು ಅತ್ತೆ.

ನಮ್ಮ ಮನೆಯವರು ಮತ್ತೇನೂ ಕೇಳಲಿಲ್ಲ. ಅವರಿಗೂ ಗೊತ್ತಿತ್ತು, ಬಹುಶಃ ನಮಗಿಂತ ಮೊದಲೇ. ದೀಪ ಬಿಚ್ಚಿ ಕಟ್ಟುವವರಿಗೆ ತಿಳಿಯದೆ ಇರುತ್ತದೆಯೆ? ಮೂವರೂ ಒಂದೇ ಆಸೆಯನ್ನು ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡಿದ್ದೆವು. ಸಾಹುಕಾರರು ಬಂದು ಹತ್ತಿದರು. ಮೋಟಾರು ಕಲಬುರಗಿಯ ದಾರಿ ಹಿಡಿಯಿತು. ಬೆಳಕು ಬಹಳ ದೂರದವರೆಗೆ ಚೊಕ್ಕವಾಗಿ ಕಾಣುತ್ತಲೇ ಇತ್ತು.

ನಾನು ಹೊಸ್ತಿಲ ಹೊರಗೆ ನಿಂತೇ ಇದ್ದೆ. ಅತ್ತೆ ಒಳಗಿನಿಂದ ಕರೆದರು.

"ಬಾ ಯವ್ವಾ, ಇಲ್ಲಿ ಕೂಡು ಬಾ. ಏನರೆ ಮಾತಾಡು."

ಆ ಮನೆಗೆ ಕಾಲಿಟ್ಟ ದಿನದಿಂದ ನಾನು ಕಾದಿದ್ದ ಮಾತು ಅದು. ಹೋಗಿ ಅವರ ಪಕ್ಕದಲ್ಲಿ ಕೂತೆ. ಏನು ಮಾತಾಡಬೇಕೆಂದು ತಿಳಿಯಲಿಲ್ಲ.