ಇಳಿಜಾರಿನಲ್ಲಿ ಆಫ್ ಮಾಡಿದ ಇಂಜಿನ್

ನನ್ನ ಮಗನ ಆಟೋ ಅವತ್ತು ಕೆರೆ ಏರಿಯ ಬುಡದಲ್ಲಿ ನಿಂತಿದ್ದು ಪೆಟ್ರೋಲ್ ರೇಟಿನಿಂದ ಅಲ್ಲ, ಅವನ ದಾಕ್ಷಿಣ್ಯದಿಂದ. ಅವತ್ತೂ ಹೀಗೇ ಹೇಳಿದೆ, ಈಗಲೂ ಇದನ್ನೇ ಹೇಳುತ್ತೇನೆ. ರೇಟು ಎಲ್ಲರಿಗೂ ಏರಿದೆ. ಎಲ್ಲರ ಆಟೋನೂ ನಿಂತಿಲ್ಲ.

ನಮ್ಮೂರು ಹುತ್ರಿದುರ್ಗದ ಮಗ್ಗುಲಲ್ಲಿದೆ. ಮಗ ಬೆಳಿಗ್ಗೆ ನಮ್ಮೂರಿನ ಹೆಂಗಸರನ್ನು ಕೂರಿಸಿಕೊಂಡು ಕುಣಿಗಲ್‌ಗೆ ಹೋಗುತ್ತಾನೆ. ಅವರೆಲ್ಲ ಅಲ್ಲಿ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು. ಸೈರನ್ ಆದ ಮೇಲೆ ಗೇಟ್ ಹಾಕುತ್ತಾರೆ, ತಡವಾಗಿ ಹೋದರೆ ಅರ್ಧ ದಿನದ ಸಂಬಳ ಹೋಯಿತು ಅಂತಲೇ ಲೆಕ್ಕ. ಸರ್ಕಾರಿ ಬಸ್ಸಿನಲ್ಲಿ ಈಗ ಹೆಂಗಸರಿಗೆ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಆದರೆ ನಮ್ಮ ಕಡೆಯ ಬಸ್ಸು ಕುಣಿಗಲ್ ಮುಟ್ಟುವ ಹೊತ್ತಿಗೆ ಗೇಟ್ ಹಾಕಿರುತ್ತದೆ. ಅದಕ್ಕೇ ಅವರು ಕಾಸು ಕೊಟ್ಟು ಆಟೋ ಹತ್ತುತ್ತಾರೆ.

ಪೆಟ್ರೋಲ್ ನೂರು ದಾಟಿದಾಗ ಕುಣಿಗಲ್ ಸ್ಟ್ಯಾಂಡಿನ ಆಟೋದವರೆಲ್ಲ ಬೈದರು. ತುಮಕೂರಿನ ಯಾವುದೋ ಬಂಕಿನ ಮುಂದೆ ಮೈಕ್ ಹಿಡಿದು ಬೈಕಿನವರನ್ನು ಮಾತಾಡಿಸುವುದನ್ನು ಟೀವಿಯಲ್ಲಿ ತೋರಿಸಿದರು. ಅವರೂ ಬೈದರು. ಆಮೇಲೆ ರೇಟು ಇನ್ನೂ ಏರಿತು. ಬೈದು ಬೈದು ಸುಸ್ತಾದ ಸ್ಟ್ಯಾಂಡಿನವರು ಕೊನೆಗೆ ಸೀಟಿನ ರೇಟು ಜಾಸ್ತಿ ಮಾಡಿಕೊಂಡರು. ನನ್ನ ಮಗ ಮಾಡಲಿಲ್ಲ.

"ಯಾಕ್ಲಾ ನೀನು ಕೇಳಲ್ಲ?" ಅಂದೆ.

"ಹೆಂಗವ್ವ ಕೇಳದು? ದಿನಾ ಮುಖ ನೋಡೋರು. ಅಣ್ಣ ಅಣ್ಣ ಅಂತಾರೆ. ಬಸ್ ಬೇರೆ ಫ್ರೀ."

"ಅಣ್ಣ ಅಂದ್ರೆ ಬಂಕಿನೋನು ಪುಕ್ಕಟೆ ಹಾಕ್ತಾನೇನ್ಲಾ?"

"ಬೋಣಿನೇ ಹಳೇ ರೇಟಲ್ಲಿ ಆಗೋಯ್ತದೆ. ಆಮೇಲೆ ಮಿಕ್ಕೋರ್ಗೆ ಜಾಸ್ತಿ ಅನ್ನಕ್ಕಾಯ್ತದಾ? ಬುಡವ್ವ."

ಬೋಣಿ ಅಂದರೆ ದಿನದ ಮೊದಲ ವ್ಯಾಪಾರದ ಕಾಸು. ಅದನ್ನು ನಮ್ಮಲ್ಲಿ ಯಾರೂ ಬೇಡ ಅನ್ನುವುದಿಲ್ಲ, ಅದರಲ್ಲಿ ಚೌಕಾಸಿಯೂ ಇಲ್ಲ. ಮಗನ ಆಟೋಗೆ ದಿನಾ ಮೊದಲು ಹತ್ತುವವಳು ನಮ್ಮ ಬೀದಿಯ ಕೊನೆ ಮನೆಯವಳು, ಆ ಹೆಂಗಸರಲ್ಲೆಲ್ಲ ಹಿರಿಯಳು. ಅವಳು ಹಳೇ ರೇಟು ಕೈಗಿಡುತ್ತಾಳೆ. ಇವನು ಕಣ್ಣಿಗೊತ್ತಿಕೊಂಡು, ಹ್ಯಾಂಡಲ್‌ಗೆ ಮುಟ್ಟಿಸಿ ಜೇಬಿಗೆ ಹಾಕುತ್ತಾನೆ. ಬೋಣಿ ಯಾವ ರೇಟಿಗಾಯಿತೋ ದಿನವೆಲ್ಲ ಅದೇ ರೇಟು ಅನ್ನುವುದು ಇವನು ಮಾಡಿಕೊಂಡ ಕಾನೂನು. ಕೇಳಲು ಬಾಯಿ ಬರದವನಿಗೆ ಒಂದು ನೆಪ ಬೇಕಲ್ಲ.

ಬಾಯಲ್ಲಿ ಕೇಳುವುದನ್ನು ಬಿಟ್ಟು ಗಾಡಿಯ ಹೊಟ್ಟೆ ಕಟ್ಟಲು ಶುರು ಮಾಡಿದ. ಟ್ಯಾಂಕ್ ತುಂಬಿಸುತ್ತಿದ್ದವನು ನೂರಕ್ಕೆ ಹಾಕು, ನೂರೈವತ್ತಕ್ಕೆ ಹಾಕು ಅನ್ನತೊಡಗಿದ. ಭಾರ ಕಮ್ಮಿಯಾಗಲಿ ಅಂತ ಸ್ಟೆಪ್ನಿ ಚಕ್ರವನ್ನು ಬಿಚ್ಚಿ ಮನೆಯಲ್ಲಿಟ್ಟ. ಅದರ ಮೇಲೆ ಕೂತು ನಾನು ಅವರೆಕಾಯಿ ಸುಲಿದಿದ್ದೇನೆ. ಆಮೇಲೆ ಇನ್ನೊಂದು ಕಲಿತ. ಇಳಿಜಾರು ಬಂದ ಕೂಡಲೇ ಇಂಜಿನ್ ಆಫ್ ಮಾಡಿ ಗಾಡಿಯನ್ನು ಸುಮ್ಮನೆ ಜಾರಲು ಬಿಡುವುದು. ಕೆಳಗೆ ಬಂದ ಮೇಲೆ ಮತ್ತೆ ಸ್ಟಾರ್ಟ್. ಇದರಿಂದ ಎಷ್ಟು ಉಳಿಯುತ್ತಿತ್ತೋ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ. ಏನೋ ಉಳಿಸುತ್ತಿದ್ದೇನೆ ಅನ್ನುವ ಸಮಾಧಾನ ಅಷ್ಟೆ.

ಆ ದಿನ ಮಾರ್ಕೆಟ್ಟಿಗೆ ಅವರೆಕಾಯಿ ಮೂಟೆ ಹಾಕಿಕೊಂಡು ನಾನೂ ಹತ್ತಿದ್ದೆ. ಊರು ದಾಟಿ ಇಳಿಜಾರು ಸಿಕ್ಕಿತು. ಮಗ ಕೀ ತಿರುಗಿಸಿದ. ಗಾಡಿ ಸದ್ದಿಲ್ಲದೆ ಇಳಿಯುತ್ತಿತ್ತು, ಗಾಳಿ ಮಾತ್ರ ಕೇಳುತ್ತಿತ್ತು.

"ಅಣ್ಣ, ಉಯ್ಯಾಲೇಲಿ ಕೂತಂಗದೆ," ಅಂದಳು ಒಬ್ಬ ಚಿಕ್ಕ ಹುಡುಗಿ. ಹೊಸದಾಗಿ ಕೆಲಸಕ್ಕೆ ಸೇರಿದವಳು.

"ಉಯ್ಯಾಲೆಗೆ ಬ್ರೇಕ್ ಇರಲ್ಲ ಕಣೇ, ಸುಮ್ನೆ ಕೂತ್ಕೊ," ಅಂದಳು ಕೊನೆ ಮನೆಯವಳು.

ಕೆಳಗೆ ರಸ್ತೆ ತಿರುಗಿ ಕೆರೆ ಏರಿಗೆ ಹತ್ತುತ್ತದೆ. ಅಲ್ಲಿ ಮಗ ಸೆಲ್ಫ್ ಹೊಡೆದ. ಗರ್ ಅಂದಿತು, ಹಿಡಿಯಲಿಲ್ಲ. ಇನ್ನೊಂದು ಸಲ ಹೊಡೆದ. ನಮ್ಮನ್ನೆಲ್ಲ ಇಳಿಸಿ, ಗಾಡಿಯನ್ನು ಪಕ್ಕಕ್ಕೆ ವಾಲಿಸಿ ಅಲ್ಲಾಡಿಸಿದ, ಟ್ಯಾಂಕಿನ ತಳದಲ್ಲಿರುವುದು ಪೈಪಿಗೆ ಬರಲಿ ಅಂತ. ತಳದಲ್ಲಿ ಏನಾದರೂ ಇದ್ದರೆ ತಾನೆ ಬರುವುದು. ಹೆಂಗಸರು ಟಿಫನ್ ಬಾಕ್ಸ್ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳಿದರು. ಏರಿ ಮೇಲೆ ಅರ್ಧ ತಳ್ಳಿ ಸುಸ್ತಾಗಿ ಬಿಟ್ಟರು.

"ಇಲ್ಲೇ ಇರ್ರಿ, ಮುಂದ್ಲೂರಲ್ಲಿ ಬಾಟ್ಲಿ ಪೆಟ್ರೋಲ್ ಸಿಗ್ತದೆ, ತತ್ತೀನಿ," ಅಂದು ಮಗ ಓಡಿದ.

ಅವನು ಬರುವುದಕ್ಕೆ ಮುಂಚೆ ಬಸ್ಸು ಬಂತು. ಆ ಬಸ್ಸು ಬಂತು ಅಂದರೆ ಗೇಟ್ ಹೋಯಿತು ಅಂತಲೇ ಅರ್ಥ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಕೈ ಅಡ್ಡ ಹಾಕಿದರು, ಏರಿ ಮೇಲೆ ನಿಂತು ಮಾಡುವುದಾದರೂ ಏನು. ಅಷ್ಟರಲ್ಲಿ ಮಗ ಬಾಟಲಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದ. ಕೊನೆ ಮನೆಯವಳು ಫುಟ್‌ಬೋರ್ಡ್ ಮೇಲೆ ಒಂದು ಕಾಲಿಟ್ಟು ಅವನಿಗೆ ಹೇಳಿದಳು.

"ಅಣ್ಣ, ಬಸ್ಸಲ್ಲೇ ಹೋಗಿ ಲೇಟಾಗೋದಾದ್ರೆ ನಿಂಗ್ಯಾಕೆ ಕಾಸು ಕೊಡ್ಬೇಕು ನಾವು, ನೀನೇ ಯೋಳು."

ಬಸ್ಸು ಹೋಯಿತು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾಲ್ಕನೇ ಕ್ಲಾಸು ಓದಿದ ನನಗೆ ಅದು ಅಲ್ಲೇ ತಿಳಿಯಿತು. ಮಗನಿಗೆ ತಿಳಿಯಲಿಲ್ಲ, ಅವನು ಬೈಸಿಕೊಂಡೆ ಅಂದುಕೊಂಡ. ಬಾಟಲಿಯನ್ನು ಟ್ಯಾಂಕಿಗೆ ಖಾಲಿ ಮಾಡಿ, ಸೀಟಿನಲ್ಲಿ ಕೂತು, ಮುಂದೆ ನೋಡಿಕೊಂಡೇ ಹೇಳಿದ.

"ಸಾಕವ್ವ. ಮಾರ್ಬುಡ್ತೀನಿ. ವಸಂತನರಸಾಪುರಕ್ಕೆ ಹೋಯ್ತೀನಿ. ನಮ್ ಸ್ಟ್ಯಾಂಡಿನೋನು ಒಬ್ಬ ಆಟೋ ಮಾರಿ ಹೋಗವ್ನೆ, ಫ್ಯಾಕ್ಟ್ರೀಲಿ ಸೆಕ್ಯೂರಿಟಿ ಕೆಲ್ಸ."

"ಅಲ್ಲಿಗೆ ದಿನಾ ಹೆಂಗೋಯ್ತೀಯಾ?"

"ಬೈಕಲ್ಲಿ."

"ಬೈಕಿಗೆ ಕೆರೆ ನೀರು ಹಾಕ್ತೀಯಾ?"

ಅವನು ಸೆಲ್ಫ್ ಹೊಡೆದ. ಈ ಸಲ ಹಿಡಿಯಿತು.

ಆ ಆಟೋ ಹೋದರೆ ಅವನು ಇನ್ನೊಬ್ಬರ ಗೇಟು ಕಾಯುವವನಾಗುತ್ತಾನೆ. ಅದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ. ಆದರೆ ಈ ರಸ್ತೆಯ ಒಂದೊಂದು ಗುಂಡಿಯೂ ಅವನಿಗೆ ಗೊತ್ತು, ತನ್ನ ಗಾಡಿಗೆ ತಾನೇ ಯಜಮಾನ. ನಾಲ್ಕು ಹೆಂಗಸರ ಮುಂದೆ ಬಾಯಿ ಬಿಡಲಾರದೆ ಅದನ್ನು ಕಳೆದುಕೊಳ್ಳುವುದು ನನಗೆ ಸರಿಕಾಣಲಿಲ್ಲ.

ಅವರೆಕಾಯಿ ಮಾರಿದ ಮೇಲೆ ಬಂಕಿನ ಮುಂದೆ ಆಟೋ ನಿಲ್ಲಿಸಲು ಹೇಳಿದೆ. ಟ್ಯಾಂಕ್ ತುಂಬಾ ಹಾಕಪ್ಪ ಅಂತ ಬಂಕಿನವನಿಗೆ ನಾನೇ ಹೇಳಿ ಕಾಸು ಕೊಟ್ಟೆ.

"ಮಾರೋ ಗಾಡಿಗೆ ಯಾಕವ್ವ ಪೆಟ್ರೋಲು?" ಅಂದ ಮಗ.

"ಮಾರೋನು ಯಾವನ್ಲಾ? ಮೀಟ್ರಲ್ಲಿ ಸೊನ್ನೆ ನೋಡ್ಕೊ, ಸೊನ್ನೆ."

ಮನೆಗೆ ಬಂದು ಗುಬ್ಬಿಯಲ್ಲಿರುವ ಮಗಳಿಗೆ ಫೋನ್ ಮಾಡಿ, ನಿಮ್ಮ ಕಡೆ ಆಟೋದವರು ಏನು ಮಾಡಿದರು ಅಂತ ಕೇಳಿದೆ. "ಜಾಸ್ತಿ ಮಾಡಿದ್ರು ಕಣವ್ವ. ಒಂದ್ವಾರ ಗೊಣಗಿದ್ವಿ, ಆಮೇಲೆ ಹತ್ತಿದ್ವಿ," ಅಂದಳು. ನನಗೆ ಅಷ್ಟು ಸಾಕಾಗಿತ್ತು. ಊಟಕ್ಕೆ ಕೂತಾಗ ಮಗನಿಗೆ ಹೇಳಿದೆ.

"ಅವ್ರು ನಿಂಗೆ ಕೊಡ್ತಿದ್ದಿದ್ದು ಸೀಟಿಗಲ್ಲ ಕಣೋ, ಹೊತ್ತಿಗೆ. ಸೀಟು ಬಸ್ಸಲ್ಲಿ ಪುಕ್ಕಟೆ ಸಿಗ್ತದೆ. ನೀನು ಪೆಟ್ರೋಲ್ ಉಳಿಸಕ್ಕೋಗಿ ಹೊತ್ತು ಕಳ್ದೆ. ನಾಳೆ ಹೊಸ ರೇಟ್ ಹೇಳು."

"ನನ್ ಕೈಲಾಗಲ್ಲವ್ವ."

"ಆಯ್ತು, ಮುದ್ದೆ ಉಣ್ಣು," ಅಂದೆ. ಸೊಸೆ ನನ್ನ ಮುಖ ನೋಡಿದಳು. ನಾನು ಅಷ್ಟಕ್ಕೆ ಬಿಡುವವಳಲ್ಲ ಅಂತ ಅವಳಿಗೆ ಗೊತ್ತು.

ಮಾರನೇ ದಿನ ಅವನಿಗಿಂತ ಮೊದಲೇ ಎದ್ದು, ಸ್ಟೆಪ್ನಿಯನ್ನು ಉರುಳಿಸಿಕೊಂಡು ಹೋಗಿ ಆಟೋ ಪಕ್ಕದಲ್ಲಿ ನಿಲ್ಲಿಸಿದೆ. ಅವನು ಗೊಣಗುತ್ತಾ ಅದನ್ನು ಕಟ್ಟಿದ. ಮೂಟೆಯಿಲ್ಲದೆ ಬರಿಗೈಯಲ್ಲಿ ಹತ್ತಿ ಕೂತೆ. ಅರಳಿಕಟ್ಟೆಯ ಹತ್ತಿರ ಹೆಂಗಸರು ನಿಂತಿದ್ದರು. ನಿನ್ನೆಯದರಿಂದ ಎಲ್ಲರ ಮುಖವೂ ಗಂಟಾಗಿತ್ತು. ಕೊನೆ ಮನೆಯವಳು ಹತ್ತುವುದಕ್ಕೆ ಮುಂಚೆ, ಅವರೆಲ್ಲರಿಗೂ ಕಾಣುವ ಹಾಗೆ ಸ್ಟ್ಯಾಂಡಿನವರ ಹೊಸ ರೇಟಿನಷ್ಟು ಕಾಸನ್ನು ಮಗನ ಮುಂದೆ ಹಿಡಿದೆ.

"ಬೋಣಿ ಮಾಡ್ಕೊ."

"ಏನವ್ವ ಇದು, ನಿನ್ತಾವ ಈಸ್ಕೊಳಾದಾ?"

"ಬೋಣಿ ಕಾಸು ಬೇಡ ಅನ್ಬ್ಯಾಡ. ತಗೊ."

ಬೇಡ ಅನ್ನಲು ಅವನ ಕಾನೂನೇ ಬಿಡಲಿಲ್ಲ. ಕಣ್ಣಿಗೊತ್ತಿಕೊಂಡು ಹ್ಯಾಂಡಲ್‌ಗೆ ಮುಟ್ಟಿಸಿದ. ನಾನು ಹೆಂಗಸರ ಕಡೆ ತಿರುಗಿದೆ.

"ನೋಡ್ರವ್ವ, ಇನ್ಮೇಲೆ ಇದೇ ರೇಟು. ಗೇಟ್ ಹಾಕೋದ್ರೊಳಗೆ ಬುಡ್ತಾನೆ. ಬುಡ್ಲಿಲ್ಲ ಅಂದ್ರೆ ಅವತ್ತಿನ ಕಾಸು ಕೊಡ್ಬ್ಯಾಡಿ."

"ಅಜ್ಜಿ ಕಂಡಕ್ಟ್ರಾಗ್ಬುಟ್ಟವ್ರೆ," ಅಂದಳು ಉಯ್ಯಾಲೆಯ ಹುಡುಗಿ. ಅವಳು ಹತ್ತಲಿಲ್ಲ, ಬಸ್ಸಿಗೆ ಕಾಯುತ್ತೇನೆ ಅಂದಳು. ಕಾಯಲಿ. ಕೊನೆ ಮನೆಯವಳು ನನ್ನನ್ನೂ ಮಗನನ್ನೂ ನೋಡಿ, "ಜರುಗಜ್ಜಿ," ಅಂದು ಪಕ್ಕದಲ್ಲಿ ಕೂತಳು. ಮಿಕ್ಕವರೂ ಹತ್ತಿದರು.

ಊರು ದಾಟಿ ಇಳಿಜಾರು ಬಂತು. ಅಭ್ಯಾಸ ಬಲದಿಂದ ಮಗನ ಕೈ ಕೀ ಕಡೆ ಹೋಯಿತು. ನಾನು ಹಿಂದಿನಿಂದ ಬಗ್ಗಿ ಆ ಕೈ ಮೇಲೆ ಒಂದೇಟು ಹಾಕಿದೆ.